ಹಲಸಿನ ಬೀಜದ ಕಟ್ಟು

ನಮ್ಮ ಮನೆಯಲ್ಲಿ ಮಜ್ಜಿಗೆ ಪಾತ್ರೆಗೆ ತಟ್ಟೆ ಮುಚ್ಚುವ ರೂಢಿಯಿಲ್ಲ. ಉದ್ದಕ್ಕೆ ಗುಂಡಗಿರುವ ಒಂದು ರಟ್ಟಿನ ಬಿಲ್ಲೆ ಮುಚ್ಚುತ್ತೇವೆ. ನೀರಿನ ಬಿಂದಿಗೆಯ ಮೇಲೂ ಅದೇ, ಉಪ್ಪಿನಕಾಯಿ ಜಾಡಿಯ ಮೇಲೂ ಅದೇ. ಒಲೆಯಿಂದ ಬಿಸಿ ಪಾತ್ರೆ ಇಳಿಸಿದರೆ ಅಡಿಗೆ ಹಾಕುವುದು ಅದನ್ನೇ, ಕರೆಂಟು ಹೋದಾಗ ಬೀಸಿಕೊಳ್ಳುವುದೂ ಅದರಲ್ಲೇ. ಹೊಸದಾಗಿ ಬಂದ ನೆಂಟರು ಬೀಸಿಕೊಳ್ಳುತ್ತಾ, "ಚೆನ್ನಾಗದಲ್ಲ, ಎಲ್ಲಿ ತಕಂಡ್ರಿ?" ಎಂದು ಕೇಳಿದರೆ ನನ್ನ ಹೆಂಡತಿ ಗೌರಿ ನನ್ನ ಮುಖ ನೋಡುತ್ತಾಳೆ. ನಿಜ ಹೇಳಿದರೆ ಆ ನೆಂಟರು ಅದನ್ನು ಮೆಲ್ಲಗೆ ಕೆಳಗಿಟ್ಟು ಬೆವರುತ್ತಾ ಕೂರುತ್ತಾರೆ. ಅನುಭವದ ಮೇಲೆ ಹೇಳುತ್ತಿದ್ದೇನೆ.

ನಿಮಗೆ ನಿಜವನ್ನೇ ಹೇಳುತ್ತೇನೆ, ನೀವು ಹೇಗೂ ನಮ್ಮ ಮನೆಯಲ್ಲಿ ಕೂತಿಲ್ಲ. ನಮ್ಮದು ಕೊಳ್ಳೇಗಾಲದಲ್ಲಿ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. ಅಂಗಡಿಯ ಬೋರ್ಡಿನಲ್ಲಿ ಫ್ರೇಮ್ ವರ್ಕ್ಸ್ ಎಂದು ಬರೆಸಿದ್ದರೂ ಬಂದವರು ಕೇಳುವುದು "ಇದ್ಕೊಂದು ಕಟ್ಟಾಕ್ಕೊಡಿ ಸಾ" ಎಂದೇ. ಕಟ್ಟು ಎಂದರೆ ಮರದ ಪಟ್ಟಿ, ಗಾಜು, ಹಿಂದಕ್ಕೊಂದು ಹಲಗೆ, ಮೊಳೆ, ಇಷ್ಟೇ ಅಂದುಕೊಂಡಿರುತ್ತಾರೆ. ಗಾಜಿಗೂ ಫೋಟೋಗೂ ನಡುವೆ ಒಂದು ದಪ್ಪ ರಟ್ಟು ಇರುತ್ತದೆ. ಅದರ ಮಧ್ಯೆ ಕಿಟಕಿ ಕೊಯ್ದಿರುತ್ತೇವೆ, ಫೋಟೋದಲ್ಲಿರುವವರು ಆ ಕಿಟಕಿಯಿಂದ ಹೊರಗೆ ನೋಡುತ್ತಾರೆ. ಅದಕ್ಕೆ ನಾವು ಮೌಂಟ್ ಅನ್ನುವುದು. ಕಿಟಕಿ ಕೊಯ್ದಾಗ ನಡುವಿನಿಂದ ಕಳಚಿ ಬೀಳುವ ತುಂಡಿಗೆ ನಮ್ಮ ಮನೆಯಲ್ಲಿ ತಿರುಳು ಎಂದು ಹೆಸರು. ಮಜ್ಜಿಗೆಯ ಮೇಲೆ ಕೂತಿರುವುದು ಆ ತಿರುಳು.

ಇದರಲ್ಲಿ ಬೆವರುವಂಥದ್ದೇನು ಎಂದು ಕೇಳಬಹುದು. ನಮ್ಮ ಅಂಗಡಿಯಲ್ಲಿ ಅಪ್ಪನ ಕಾಲದಿಂದ ಒಂದು ಕಟ್ಟಳೆ ಇದೆ. ಬದುಕಿರುವವರಿಗೆ ಚೌಕ ಕಿಟಕಿ. ಮದುವೆ, ನಾಮಕರಣ, ಮೇಷ್ಟರ ನಿವೃತ್ತಿ, ಎಲ್ಲಕ್ಕೂ ಚೌಕ. ತಿಥಿಗೆ ತೆಗೆದುಕೊಂಡು ಹೋಗುವ ಫೋಟೋಗೆ ಮಾತ್ರ ಮೂಲೆಯಿಲ್ಲದ ಕಿಟಕಿ. ಯಾವ ಶಾಸ್ತ್ರದಲ್ಲೂ ಇಲ್ಲದ್ದು ಇದು. ಯಾಕೆ ಹೀಗೆ ಎಂದು ಚಿಕ್ಕವನಿದ್ದಾಗ ಕೇಳಿದ್ದಕ್ಕೆ ಅಪ್ಪ, "ಸತ್ತೋರ್ಗೆ ಮೂಲೆ ಇರಬಾರ್ದು ಕಣ್ಲಾ, ಎಲ್ಲಾರ ಸಿಕ್ಕಾಕ್ಕಂಡುಬುಟ್ಟಾರು" ಅಂದಿದ್ದರು. ಆ ಆಕಾರಕ್ಕೆ ಊರೆಲ್ಲ ಮೊಟ್ಟೆ ಎಂದೇ ಹೇಳುವುದು. ಆದರೆ ನಮ್ಮದು ಮೊಟ್ಟೆ ಮುಟ್ಟದ ಮನೆ, ಅಪ್ಪನಿಗೆ ಅಂಗಡಿಯಲ್ಲಿ ಆ ಮಾತು ಬಾಯಿಗೆ ತರಲೂ ಮನಸ್ಸಿರಲಿಲ್ಲ. ಅವರು ಅದಕ್ಕೆ ಹಲಸಿನ ಬೀಜ ಎಂದು ಹೆಸರಿಟ್ಟರು. "ಹೊನ್ನೂರಿನೋರ್ದು ಏನ್ಲಾ, ಚೌಕವೋ ಅಲಸಿನ್ ಬೀಜವೋ?" ಎಂದು ಅಪ್ಪ ಒಳಗಿನಿಂದ ಕೂಗಿದರೆ, ಆ ಮನೆಯವರು ಬದುಕಿದ್ದಾರೋ ಇಲ್ಲವೋ ಎಂದು ಕೇಳಿದ ಹಾಗೆ. ಈಗ ತಿಳಿಯಿತಲ್ಲ, ನಮ್ಮ ಮನೆಯ ಬೀಸಣಿಗೆಗಳು ಎಲ್ಲಿಂದ ಬಂದವು ಎಂದು.

ಅಪ್ಪನಿಗೆ ಇನ್ನೊಂದು ಚಾಳಿ ಇತ್ತು. ಯಾರ ಮನೆಗೆ ಹೋದರೂ ಮೊದಲು ಗೋಡೆ ನೋಡುವುದು. ಹನೂರಿಗೆ ನನಗೆ ಹೆಣ್ಣು ನೋಡಲು ಹೋದಾಗ ಹುಡುಗಿ ತಟ್ಟೆ ಹಿಡಿದು ಬಂದು ನಿಂತಿದ್ದಾಳೆ, ಇವರು ಎದ್ದು ಹೋಗಿ ಅವಳ ಅಜ್ಜನ ಫೋಟೋ ನೆಟ್ಟಗೆ ಮಾಡುತ್ತಿದ್ದಾರೆ. "ಮೌಂಟೇ ಆಕ್ಸಿಲ್ವಲ್ರೀ, ಗಾಜು ಮಖಕ್ಕೆ ಅಂಟ್ಕಂಡದೆ" ಎಂದು ಬೀಗರಾಗಬೇಕಾದವರನ್ನೇ ಗದರಿಕೊಂಡರು. ಗೌರಿ ಇವತ್ತಿಗೂ ಹೇಳುತ್ತಾಳೆ, ನಿಮ್ಮಪ್ಪ ಅವತ್ತು ನೋಡಿ ಒಪ್ಪಿದ್ದು ನನ್ನನ್ನಲ್ಲ, ನಮ್ಮಜ್ಜನನ್ನು ಎಂದು.

ಆದರೆ ನಾನು ಹೇಳಹೊರಟದ್ದು ಅಪ್ಪನ ಮಾತಲ್ಲ, ಅಕ್ಕನ ಮಾತು.

ನಮ್ಮ ಅಕ್ಕ ಮಾದೇವಮ್ಮ ನನಗಿಂತ ಬಹಳ ದೊಡ್ಡವಳು. ಅಮ್ಮ ನನ್ನನ್ನು ಹೆತ್ತು ಹೆಚ್ಚು ದಿನ ಉಳಿಯಲಿಲ್ಲ. ನನ್ನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು ಅಕ್ಕ. ನಾನು ಊಟ ಮಾಡದೆ ಹಟ ಹಿಡಿದರೆ ಒಂದು ತಿರುಳಿನ ಮೇಲೆ ಇದ್ದಿಲಿನಲ್ಲಿ ಕಣ್ಣು, ಮೂಗು, ದೊಡ್ಡ ಮೀಸೆ ಬರೆದು ಎದುರಿಗೆ ನಿಲ್ಲಿಸುತ್ತಿದ್ದಳು. "ನೋಡು, ಮೀಸೆ ಮಾಮ ಬಂದವ್ನೆ, ನೀ ಉಣ್ದೆ ಓದ್ರೆ ಅವ್ನು ಉಂಡ್ಬುಡ್ತನೆ" ಎಂದು ಹೆದರಿಸಿ ಬಾಯಿಗೆ ತುತ್ತು ತುರುಕುತ್ತಿದ್ದಳು. ನನಗೆ ಬೇರೆ ಬೊಂಬೆ ಇದ್ದ ನೆನಪಿಲ್ಲ. ಯಾರ ಯಾರದೋ ತಿಥಿಯಲ್ಲಿ ಮಿಕ್ಕಿದ ಮೀಸೆ ಮಾಮಂದಿರ ಜೊತೆ ಆಡಿ ನಾನು ಬೆಳೆದೆ. ಅದಕ್ಕೇ ನಿಮ್ಮ ಮುಖ ಹಿಂಗಿರೋದು ಎಂದು ಗೌರಿ ಅನ್ನುತ್ತಾಳೆ.

ಅಕ್ಕನನ್ನು ಯಳಂದೂರಿಗೆ ಕೊಟ್ಟಿದ್ದರು. ಮಕ್ಕಳಾಗುವ ಮೊದಲೇ ಭಾವ ತೀರಿಕೊಂಡರು. ಭಾವನ ಫೋಟೋಗೆ ಮೌಂಟ್ ಕೊಯ್ಯಲು ಕೂತ ಅಪ್ಪನಿಗೆ ಅಳಿಯನ ಮುಖ ನೋಡಿ ಕೈ ಬರಲಿಲ್ಲವಂತೆ. ಬ್ಲೇಡು ಕೆಳಗಿಟ್ಟು ಗೋಡೆ ಕಡೆ ತಿರುಗಿ ಕೂತರಂತೆ. ಅಕ್ಕ ಪಕ್ಕದಲ್ಲಿ ಬಂದು ಕೂತು, ಆ ಬ್ಲೇಡು ತೆಗೆದುಕೊಂಡು, ತನ್ನ ಗಂಡನ ಕಿಟಕಿಯನ್ನು ತಾನೇ ಕೊಯ್ದಳು. ತವರಿಗೇ ಬಂದು ನಿಂತಳು, ಅವತ್ತು ಹಿಡಿದ ಬ್ಲೇಡು ಮತ್ತೆ ಅವಳ ಕೈ ಬಿಡಲಿಲ್ಲ. ಅಪ್ಪ ಹೋದ ಮೇಲೆ ಹಲಸಿನ ಬೀಜ ಎಂದರೆ ಅಕ್ಕ, ಉಳಿದದ್ದೆಲ್ಲ ನಾನು. ಪಟ್ಟಿ ಕೊಯ್ದು, ಗಾಜು ಒರೆಸಿ, ಮೊಳೆ ಹೊಡೆದು, ನೇತುಹಾಕುವ ಕೊಕ್ಕೆ ಹಾಕುವುದು ನನ್ನ ಕೆಲಸ. ನಾನು ಕೊಯ್ದ ಹಲಸಿನ ಬೀಜ ಒಂದೊಂದು ಸಲ ಆಲೂಗಡ್ಡೆಯ ಹಾಗೆ, ಒಂದೊಂದು ಸಲ ಬದನೆಕಾಯಿಯ ಹಾಗೆ ಬರುತ್ತಿತ್ತು.

ಅವಳು ಕೊಯ್ಯುವುದನ್ನು ನೋಡಬೇಕಿತ್ತು ನೀವು. ಮೌಂಟಿನ ರಟ್ಟನ್ನು, ಅದಕ್ಕೆ ನಾವು ಬೋರ್ಡು ಅನ್ನುವುದು, ಬೋರಲು ಹಾಕಿ, ಎರಡು ಗುಂಡುಸೂಜಿ ಚುಚ್ಚಿ, ಅವಕ್ಕೊಂದು ರೇಷ್ಮೆ ಎಳೆ ಸುತ್ತಿ, ಆ ಎಳೆಯೊಳಗೆ ಪೆನ್ಸಿಲ್ ಓಡಿಸುವಳು. ನೂಲಿನ ದಾರವಾದರೆ ಹಿಗ್ಗುತ್ತದೆ, ರೇಷ್ಮೆ ಹಿಗ್ಗುವುದಿಲ್ಲ. ನಮ್ಮ ಬೀದಿಯ ಮಗ್ಗದ ಮನೆಯಿಂದ ಕೇಳಿ ತರುವಳು. ಆಮೇಲೆ ಬ್ಲೇಡನ್ನು ಓರೆಯಾಗಿ ಇಳಿಸಿ, ಕೈ ಅಲ್ಲಾಡಿಸದೆ ಬೋರ್ಡನ್ನೇ ತಿರುಗಿಸುತ್ತಾ ಬರುವಳು. ಸುತ್ತು ಮುಗಿದಾಗ ತಿರುಳು ತಾನಾಗಿ ಕಳಚುವುದು. ಅದನ್ನು ಎತ್ತುವಾಗ ಫೋಟೋದಲ್ಲಿರುವವರನ್ನು ಕರೆಯುವಳು. ಗಂಡಸಾದರೆ "ಈಚ್ಗೆ ಬಾಪ್ಪಾ", ಹೆಂಗಸಾದರೆ "ಈಚ್ಗೆ ಬಾವ್ವ". ಒಳಗೆ ಸಿಕ್ಕಿಕೊಂಡವರನ್ನು ಕೈ ಹಿಡಿದು ಕರೆದಂತೆ ಇರುತ್ತಿತ್ತು ಅದು. ನಾನು ಇದನ್ನು ಹುಚ್ಚು ಅಂದುಕೊಂಡಿದ್ದೆ. ಈಗ ಹಾಗೆ ಅಂದುಕೊಳ್ಳುವುದಿಲ್ಲ.

ಅಕ್ಕನ ಕೈ ನಡುಗಲು ಶುರುವಾದದ್ದನ್ನು ಮೊದಲು ನೋಡಿದ್ದು ಗೌರಿ. ಅಕ್ಕ ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯತೊಡಗಿದಳು. ಯಾಕೆ ಎಂದರೆ ಚಳಿ ಅಂದಳು. ಬೇಸಿಗೆಯಲ್ಲಿ, ಕೊಳ್ಳೇಗಾಲದಲ್ಲಿ, ಚಳಿ! ಡಾಕ್ಟರು ನರದ ಕಾಯಿಲೆ ಎಂದು ಮಾತ್ರೆ ಬರೆದುಕೊಟ್ಟರು. ಮಾತ್ರೆ ನುಂಗಿದರೆ ಸ್ವಲ್ಪ ಹೊತ್ತು ನಡುಕ ನಿಲ್ಲುವುದು, ಆ ಹೊತ್ತಿನಲ್ಲೇ ಕೊಯ್ಯುವ ಕೆಲಸ ಮುಗಿಸುವಳು. ನಾನು ಫೋನಿನಲ್ಲಿ ಸದ್ದಡಗಿಸಿ, ಕಂಪ್ಯೂಟರಿನಲ್ಲಿ ಮೌಂಟ್ ಕೊಯ್ಯುವ ಮಿಷನ್ನುಗಳ ವಿಡಿಯೋ ನೋಡತೊಡಗಿದೆ. ಅಕ್ಕ ಹತ್ತಿರ ಬಂದರೆ ಫೋನು ಬೋರಲು ಹಾಕುವೆ. ಈ ವಯಸ್ಸಿನಲ್ಲಿ ಗಂಡ ಇದೇನು ಕದ್ದು ನೋಡುತ್ತಾನೆ ಎಂದು ಗೌರಿಗೆ ಗುಮಾನಿ ಬಂದು, ಒಂದು ದಿನ ಕಿತ್ತುಕೊಂಡು ನೋಡಿದಳು. ತೆರೆಯ ಮೇಲೆ ಒಂದು ಮಿಷನ್ನು ರಟ್ಟು ಕೊಯ್ಯುತ್ತಿತ್ತು. ಅವಳು ನಗಲಿಲ್ಲ. "ಅಕ್ಕಂಗೆ ಹೆಂಗೆ ಹೇಳ್ತೀರಿ?" ಅಂದಳು. ಅದೇ ನನಗೆ ಗೊತ್ತಿರಲಿಲ್ಲ. ಮಿಷನ್ನು ತರುತ್ತೇನೆ ಎಂದರೆ, ನಿನ್ನ ಕೈ ಮುಗಿಯಿತು ಅಕ್ಕ ಎಂದ ಹಾಗೆ. ಅವಳಿಗೆ ಗಂಡನಿಲ್ಲ, ಮಕ್ಕಳಿಲ್ಲ, ಇದ್ದದ್ದು ಆ ಕೈಯೊಂದೇ. ನಾನು ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ದೂಡುತ್ತಾ ಬಂದೆ.

ಅಷ್ಟರಲ್ಲಿ ಕೌದಳ್ಳಿ ಕಡೆಯಿಂದ ಸಿದ್ದಮ್ಮ ಎಂಬವರು ಬಂದರು. ಅವರ ಹಿರಿಮಗ ಸಿದ್ದರಾಜು ಬೈಕಿನಿಂದ ಬಿದ್ದು ತೀರಿಕೊಂಡಿದ್ದ. ಅವನ ಫೋಟೋಗಳೆಲ್ಲ ಅವನ ಫೋನಿನಲ್ಲಿದ್ದವು, ಫೋನು ಅವನ ಜೊತೆಯಲ್ಲೇ ಪುಡಿಯಾಗಿತ್ತು. ಮನೆಯಲ್ಲಿ ಉಳಿದದ್ದು ಒಂದು ದೊಡ್ಡ ಫೋಟೋ. ಅಣ್ಣತಮ್ಮ ಇಬ್ಬರೂ ಮಾದಪ್ಪನ ಬೆಟ್ಟದಲ್ಲಿ ಮುಡಿ ಕೊಟ್ಟು, ಬೋಳುತಲೆಗೆ ಗಂಧ ಬಳಿದುಕೊಂಡು, ಪಕ್ಕಪಕ್ಕ ನಿಂತು ತೆಗೆಸಿಕೊಂಡದ್ದು. ಕೂದಲಿಲ್ಲದ ಮೇಲೆ ಇಬ್ಬರೂ ಒಂದೇ ಅಚ್ಚು. ನಾನು ಆ ಹೊತ್ತಿನಲ್ಲಿ ಯಳಂದೂರಿಗೆ ಹೋಗಿದ್ದೆ. ಅವರು ಹೇಳಿದ್ದನ್ನೆಲ್ಲ ಕೇಳಿಸಿಕೊಂಡವಳು ಅಕ್ಕ, ನನಗೆ ಹೇಳಿದ್ದು ಎಲ್ಲ ಆದ ಮೇಲೆ.

"ಎಡಗಡೆ ಇರೋನು ನನ್ ದೊಡ್ ಮಗ ಕನಕ್ಕ. ಬಲಗಡೆಯೋನು ಚಿಕ್ಕೋನು, ಮಾದೇಸ, ಇವ್ನೊಬ್ಬ ಉಳ್ದವ್ನೆ ನಂಗೆ. ಫೋಟೋವ ಕತ್ತರಿಸ್ಬ್ಯಾಡ, ಇಬ್ರುನ್ನೂ ಬ್ಯಾರೆ ಮಾಡ್ಬ್ಯಾಡ. ಆದ್ರೆ ಚಿಕ್ಕೋನು ಕಾಣ್ಬಾರ್ದು, ಹೂ ಆಕ್ತೀವಲ್ಲ" ಅಂದರಂತೆ ಸಿದ್ದಮ್ಮ.

"ಕತ್ರಿ ಯಾಕವ್ವ? ಮೌಂಟಲ್ಲಿ ಮರೆ ಮಾಡ್ತೀನಿ. ಇಂದ್ಗಡೆ ಇಬ್ರೂ ಜೊತೇಲೇ ಇರ್ತರೆ" ಅಂದಳಂತೆ ಅಕ್ಕ.

ಇಲ್ಲಿ ಒಂದು ವಿಷಯ ಹೇಳಬೇಕು. ಬೋರ್ಡನ್ನು ಬೋರಲು ಹಾಕಿ ಹಿಂದಿನಿಂದ ಕೊಯ್ಯುತ್ತೇವೆ ಅಂದೆನಲ್ಲ. ಹಾಗೆ ಕೊಯ್ದರೆ ಪೆನ್ಸಿಲಿನ ಗೀಟು ಮುಂದೆ ಕಾಣುವುದಿಲ್ಲ, ಕಿಟಕಿಯ ಅಂಚು ಬೆಳ್ಳಗೆ, ಚೆಂದಾಗಿ ಬರುತ್ತದೆ. ಆದರೆ ಮುಂದೆ ಎಡಕ್ಕೆ ಬರಬೇಕಾದ ಕಿಟಕಿಯನ್ನು ಹಿಂದೆ ಬಲಕ್ಕೆ ಗುರುತು ಹಾಕಬೇಕು. ಅಕ್ಕ ಇದನ್ನು ನಿದ್ದೆಗಣ್ಣಿನಲ್ಲೂ ತಪ್ಪಿದವಳಲ್ಲ. ಅವತ್ತು ಅವಳ ಗಮನವೆಲ್ಲ ಕೈಯ ಮೇಲಿತ್ತು, ಕೈ ನಡುಗದಿದ್ದರೆ ಸಾಕು ಎಂದು. ಗುರುತನ್ನು ಎಡಕ್ಕೇ ಹಾಕಿಬಿಟ್ಟಳು. ಗೀಟು ಒಂದು ಚೂರೂ ಸೊಟ್ಟಗಾಗದೆ ಬಂತು.

ನಾನು ಬಂದು ಕಟ್ಟು ಕೂಡಿಸಿದೆ. ಕಿಟಕಿಯಲ್ಲಿ ಒಬ್ಬ ಬೋಳುತಲೆಯ ಹುಡುಗ ಗಂಧ ಬಳಿದುಕೊಂಡು ನಗುತ್ತಿದ್ದ. ಅಯ್ಯೋ ಪಾಪ, ಇಷ್ಟು ಚಿಕ್ಕ ವಯಸ್ಸಿಗೆ ಎಂದು ಮರುಗುತ್ತಾ ಮೊಳೆ ಹೊಡೆದೆ. ಪೇಪರು ಸುತ್ತಿಟ್ಟೆ. ಸಂಜೆ ಆ ಹುಡುಗರ ಸೋದರಮಾವ ಬಂದು, ಬಸ್ಸು ಹೊರಟುಬಿಡುತ್ತದೆ ಎಂದು ಬಿಚ್ಚಿ ಕೂಡ ನೋಡದೆ ಕಂಕುಳಲ್ಲಿ ಇಟ್ಟುಕೊಂಡು ಓಡಿದ.

ಮಾರನೆಯ ದಿನ ತಿಥಿ. ನೆಂಟರೆಲ್ಲ ಸುತ್ತ ಕೂತಿದ್ದಾರೆ, ದೀಪ ಹಚ್ಚಿಟ್ಟಿದ್ದಾರೆ, ಹಾರ ತಂದಿಟ್ಟಿದ್ದಾರೆ. ಪೇಪರು ಬಿಚ್ಚಿದವನು ತಮ್ಮ, ಮಾದೇಶ. ಒಳಗೆ ಇದ್ದವನೂ ಅವನೇ.

ಅದರ ಮರುದಿನ ತಾಯಿ ಮಗ ಇಬ್ಬರೂ ಅಂಗಡಿಗೆ ಬಂದರು. ಸಿದ್ದಮ್ಮ ಮಗನ ಅಂಗಿಯ ತೋಳು ಹಿಡಿದುಕೊಂಡಿದ್ದರು, ಒಳಗೆ ಬಂದ ಮೇಲೂ ಬಿಡಲಿಲ್ಲ. ಬೈಯುತ್ತಾರೆ ಎಂದು ನಾನು ಕಾದೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಎಲ್ರೂ ಇವನ್ ಮಖ ನೋಡುದ್ರು ಕನಕ್ಕ. ಇವ್ನೇ ತನ್ ಫೋಟೋವ ತಾನೇ ಬೋರಲಾಕ್ದ. ಫೋಟೋ ಇಲ್ದೇನೆ ಎಡೆ ಇಟ್ಟೋ" ಅಂದರು. ಅಷ್ಟೇ ಅವರು ಹೇಳಿದ್ದು.

"ಬುಡವ್ವ ಅತ್ಲಾಗೆ, ನಾ ಉಂಡ್ಕಂಡು ತಿರುಗ್ತಾ ಇಲ್ವಾ?" ಎಂದು ಮಾದೇಶ ನಗಲು ನೋಡಿದ. ನಗು ಬರಲಿಲ್ಲ ಅವನಿಗೆ.

ಅಕ್ಕ ಎದ್ದು ಬಂದಳು. ನಡುಗುವ ಎರಡೂ ಕೈಯಿಂದ ಅವನ ಮುಖ ನೀವಿ, ತನ್ನ ಕಣತಲೆಗೆ ಒತ್ತಿ ನೆಟಿಗೆ ಮುರಿದಳು. "ನೂರು ವರ್ಸ ಬಾಳಪ್ಪ, ನಿಂಗೆ ಬಂದಿದ್ದೆಲ್ಲ ನಂಗಿರ್ಲಿ" ಅಂದಳು. ಬೇಡ ಬೇಡ ಎಂದರೂ ಬಿಡದೆ ಒಳಗೆ ಕರೆದುಕೊಂಡು ಹೋಗಿ, ಎದುರಿಗೆ ಕೂತು ಮಜ್ಜಿಗೆ ಅನ್ನ ಉಣ್ಣಿಸಿದಳು. ಅವನು ತಿನ್ನುವುದನ್ನು ಸಿದ್ದಮ್ಮ ನೋಡುತ್ತಾ ನಿಂತಿದ್ದರು. ಆಮೇಲೆ ಅಕ್ಕ ಹೊಸ ಬೋರ್ಡು ಹಾಕಿಕೊಂಡು ಕೂತಳು. ಸೂಜಿ ಚುಚ್ಚಿದಳು, ಎಳೆ ಸುತ್ತಿದಳು. ಈ ಸಲ ಬಲಕ್ಕೇ ಗುರುತು ಹಾಕಿದಳು. ಬ್ಲೇಡು ಇಳಿದು ಸ್ವಲ್ಪ ದೂರ ಬಂತು, ಕೈ ಅದುರಿತು, ಬ್ಲೇಡು ಗೀಟು ಬಿಟ್ಟು ಬೋರ್ಡಿನ ಅಂಚಿನವರೆಗೂ ಓಡಿತು.

ಅವಳು ಬ್ಲೇಡನ್ನು ಕೆಳಗಿಟ್ಟಳು. "ಕುಮಾರ, ನೀನೇ ಕುಯ್ಯಪ್ಪ" ಅಂದಳು. ನನ್ನನ್ನು ಅವಳು ಯಾವತ್ತೂ ಅಪ್ಪ ಅಂದವಳಲ್ಲ, ಲೇ ಎಂದೇ ಕರೆಯುತ್ತಿದ್ದವಳು. ನನಗೆ ಹಲಸಿನ ಬೀಜ ಬರದು. ಚೌಕವನ್ನೇ ಕೊಯ್ದೆ. "ಚೌಕ್ವೇ ಇರ್ಲಿ ಬುಡಿ ಸಾ, ನನ್ ಮಗ ಕಂಡ್ರೆ ಸಾಕು" ಎಂದು ಸಿದ್ದಮ್ಮ ಕಣ್ಣಿಗೊತ್ತಿಕೊಂಡು ತೆಗೆದುಕೊಂಡು ಹೋದರು. ತೀರಿಕೊಂಡವರಿಗೆ ನಮ್ಮ ಅಂಗಡಿಯಿಂದ ಚೌಕ ಹೋದದ್ದು ಅದೇ ಮೊದಲು.

ಮರುದಿನ ಬೆಳಿಗ್ಗೆ ಅಕ್ಕ ತಾನಾಗಿಯೇ ಬಾಯಿ ಬಿಟ್ಟಳು. "ಲೇ, ಪೋನ್ನಲ್ಲಿ ನೋಡ್ತಾ ಇದ್ಯಲ್ಲ ಆ ಮಿಸಿನ್ನು, ಅದ ತಕಬಾ."

"ಯಾವ ಮಿಷನ್ನು?" ಅಂದೆ.

"ಕೈ ನಡುಗ್ತದೆ ಅಂತ ಕಣ್ಣೂ ಓಗ್ಬುಟ್ಟದೇನ್ಲಾ?" ಎಂದಳು. "ನಾನೂ ಬತ್ತೀನಿ. ನನ್ ಕೈಗೆ ಬದ್ಲು ತತ್ತಿದ್ದೀಯ, ನಾ ನೋಡ್ದೆ ಎಂಗೆ?"

ಮೈಸೂರಿಗೆ ಹೊರಟ ದಿನ ಅವಳು ಉಟ್ಟಂಥ ಸೀರೆಯನ್ನು ನನ್ನ ಮದುವೆಗೂ ಉಟ್ಟಿರಲಿಲ್ಲ. ಬಸ್ಸಿನಲ್ಲಿ ಹೆಣ್ಣು ನೋಡಲು ಹೊರಟ ದೊಡ್ಡಮ್ಮನ ಹಾಗೆ ಗಂಭೀರವಾಗಿ ಕೂತಿದ್ದಳು. ಮಿಷನ್ನು ಮಾರುವವರು ಮಧ್ಯವಯಸ್ಸಿನ ಸಂಭಾವಿತರು. "ಬನ್ನಿ ಅಮ್ಮ, ಕೂತ್ಕೊಳ್ಳಿ" ಎಂದು ಉಪಚಾರ ಮಾಡಿ ಎರಡು ಮಿಷನ್ನು ತೋರಿಸಿದರು. ದೊಡ್ಡದು ಮಂಚದಷ್ಟಿತ್ತು. ಎಷ್ಟು ಬಗೆಯ ಕಿಟಕಿ, ಎಷ್ಟು ಬೇಗ, ಹೂವು ಬಳ್ಳಿ ಬೇಕೆ, ಅಕ್ಷರ ಕೊರೆಯಬೇಕೆ ಎಂದು ಅವರು ಹೇಳುತ್ತಾ ಹೋದರು. ನಾನು ಎಲ್ಲ ತಿಳಿದವನ ಹಾಗೆ ತಲೆಯಾಡಿಸಿದೆ. ಗ್ಯಾರಂಟಿ, ಬ್ಲೇಡು, ಕರೆಂಟು ಎಂದು ಏನೇನೋ ಕೇಳಿದೆ.

ಅಕ್ಕ ಕೇಳಿದ್ದು ಒಂದೇ. "ಇದು ಇಂದ್ಗಡೆಯಿಂದ ಕುಯ್ತದೋ, ಮುಂದ್ಗಡೆಯಿಂದ್ಲೋ?"

"ದೊಡ್ಡದು ಹಿಂದಿನಿಂದ ಅಮ್ಮ. ಎಡ ಬಲ ಅದೇ ತಿರುಗಿಸಿಕೊಳ್ಳುತ್ತೆ, ನಿಮಗೆ ಯೋಚನೆ ಇಲ್ಲ. ಚಿಕ್ಕದು ಮುಂದಿನಿಂದ" ಅಂದರು ಅವರು.

"ಫೋಟೋದಲ್ಲಿ ಇಬ್ರು ಇದ್ರೆ, ತೀರ್ಕಂಡೋರು ಯಾರು ಅಂತ ಕೇಳ್ತದಾ?"

"ಇಲ್ಲ ಅಮ್ಮ. ಅದನ್ನ ನೀವೇ ಹೇಳ್ಬೇಕು."

ಚಿಕ್ಕದರಲ್ಲಿ ಒಂದು ಹಲಸಿನ ಬೀಜ ಕೊಯ್ದು ತೋರಿಸಿ ಎಂದಳು. ಅದು ಸಣ್ಣಗೆ ಗುಂಯ್ ಎನ್ನುತ್ತಾ, ಒಂದು ಸುತ್ತು ಬಂದು ನಿಂತಿತು. ನಾನೂ ಅಂಗಡಿಯವರೂ ಮೌಂಟನ್ನು ಎತ್ತಿ ನೋಡುತ್ತಿದ್ದೆವು. ಅಕ್ಕ ಕೆಳಗೆ ಬಿದ್ದ ತಿರುಳನ್ನು ಎತ್ತಿಕೊಂಡು ಅದರ ಅಂಚಿನ ಮೇಲೆ ಬೆರಳು ಓಡಿಸಿದಳು. ಅವಳು ಕೊಯ್ದ ತಿರುಳುಗಳಲ್ಲೆಲ್ಲ ಒಂದು ಕಚ್ಚು ಇರುತ್ತದೆ, ಬ್ಲೇಡು ಇಳಿದ ಜಾಗ. ಮಜ್ಜಿಗೆ ಮುಚ್ಚುವಾಗ ನಮ್ಮ ಬೆರಳಿಗೆ ತಾಕುವುದು ಅದೇ. ಅವಳು ಸುತ್ತ ಸವರಿದಳು, ಮತ್ತೊಮ್ಮೆ ಸವರಿದಳು.

"ಎಲ್ಲಿ ಸುರು ಮಾಡ್ತು ಅಂತ್ಲೇ ಗೊತ್ತಾಗದಿಲ್ವಲ್ಲಾ" ಅಂದಳು. ಆಮೇಲೆ, "ಚೆನ್ನಾಗಿ ಕುಯ್ತದೆ, ಇದ್ನೇ ತಕ. ಕಣ್ಗೆ ಎಂಗೆ ಕಾಣ್ತದೋ ಅಂಗೇ ಕುಯ್ಲಿ. ತಿರುಗ್ಸೋದು ಮರ್ಗ್ಸೋದು ಬ್ಯಾಡ" ಎಂದಳು. ಮಿಷನ್ನನ್ನು ಆರಿಸಿದ್ದು ಹೀಗೆ. ನಾನು ಅಷ್ಟು ದಿನ ಕದ್ದು ನೋಡಿದ ವಿಡಿಯೋಗಳು ಯಾವ ಕೆಲಸಕ್ಕೂ ಬರಲಿಲ್ಲ. ವಾಪಸು ಬರುವಾಗ ಅವಳು ಆ ತಿರುಳನ್ನು ಮಡಿಲಲ್ಲಿ ಇಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದಳು. ನನಗೆ ಬಸ್ಸಿನಲ್ಲೇ ಅಳು ಬಂತು. ಟಿಕೆಟು ಹುಡುಕುವವನ ಹಾಗೆ ಬಗ್ಗಿ ಕೂತೆ.

ಮಿಷನ್ನು ಬಂತು. ಕುಂಕುಮ ಇಟ್ಟು, ನಿಂಬೆಹಣ್ಣು ಹೆಚ್ಚಿ ಪೂಜೆ ಮಾಡಿದವಳು ಅಕ್ಕನೇ. ಅವಳು ಅಂಗಡಿಗೆ ಬರುವುದನ್ನು ಬಿಡಲಿಲ್ಲ. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತು, ಬಂದವರ ಹತ್ತಿರ ಯಾರು ಎಡ, ಯಾರು ಬಲ ಎಂದು ಮತ್ತೆ ಮತ್ತೆ ಕೇಳಿ, ನನ್ನ ಬಾಯಿಂದ ಹೇಳಿಸಿ, ಆಮೇಲೆ ಗುಂಡಿ ಒತ್ತಲು ಬಿಡುತ್ತಿದ್ದಳು. ತಿರುಳು ಎತ್ತುವಾಗ ಮೆಲ್ಲಗೆ ಕರೆಯುತ್ತಿದ್ದಳು. ಮಿಷನ್ನು ಏನಂದುಕೊಳ್ಳುತ್ತದೋ ಎಂಬ ನಾಚಿಕೆ ಅವಳಿಗೆ ಇದ್ದ ಹಾಗಿತ್ತು.

ಒಂದು ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಸೆರಗಿನೊಳಗಿಂದ ಒಂದು ಹಳೆಯ ಫೋಟೋ ತೆಗೆದು ನನ್ನ ಮುಂದಿಟ್ಟಳು. ನನಗೆ ಗೊತ್ತಿದ್ದ ಫೋಟೋವೇ ಅದು. ಅವಳಿಗೆ ಗಂಡು ನೋಡುವಾಗ ಯಳಂದೂರಿಗೆ ಕಳಿಸಲೆಂದು ಸ್ಟುಡಿಯೋದಲ್ಲಿ ತೆಗೆಸಿದ್ದು. ಅವತ್ತು ನಾನು ಅವಳ ಸೊಂಟದಿಂದ ಇಳಿಯದೆ ಅತ್ತು ರಂಪ ಮಾಡಿದೆನಂತೆ. ಕೊನೆಗೆ ಸ್ಟುಡಿಯೋದವರು ಬೇಸತ್ತು, ಇರಲಿ ಬಿಡಿ ಎಂದು ಹಾಗೇ ತೆಗೆದರಂತೆ. ಫೋಟೋ ನೋಡಿದ ಬೀಗರು, "ಹುಡ್ಗಿ ಒಬ್ಳೇಯಾ, ಇವ್ನೂ ಬತ್ತನಾ?" ಎಂದು ಕೇಳಿ ಕಳಿಸಿದ್ದರು. ಅದನ್ನು ಹೇಳಿ ನನ್ನನ್ನು ರೇಗಿಸದವರು ನಮ್ಮ ನೆಂಟರಲ್ಲಿ ಯಾರೂ ಇಲ್ಲ. ಫೋಟೋದಲ್ಲಿ ನಾನು ಅಳುಮೂತಿ ಮಾಡಿಕೊಂಡು ಅವಳ ಹೆಗಲ ಮೇಲಿನ ಸೆರಗನ್ನು ಮುಷ್ಟಿಯಲ್ಲಿ ಹಿಡಿದಿದ್ದೇನೆ. ಅವಳು ಬಾಯಿ ತುಂಬ ನಗುತ್ತಿದ್ದಾಳೆ.

"ನಂದು ಇದ್ನೇ ಆಕು" ಅಂದಳು. "ಆಧಾರ್ ಕಾರ್ಡಿಂದು ಆಕ್ಬುಟ್ಟೀಯ, ಕಳ್ಳಿ ಥರಾ ಇದ್ದೀನಿ ಅದ್ರಲ್ಲಿ."

"ಈಗ್ಯಾಕೆ ಅದೆಲ್ಲ? ಸುಮ್ನಿರಕ್ಕ" ಎಂದು ಗದರಿದೆ.

"ಕೇಳುಸ್ಕ. ಫೋಟೋವ ಕತ್ತರಿಸ್ಬ್ಯಾಡ. ನಿನ್ನ ಮರೆ ಮಾಡು. ಬದ್ಕಿರೋರು ಒಂದ್ ಚೂರೂ ಒಳ್ಗೆ ಬರ್ಬಾರ್ದು ಕಣ್ಲಾ. ಒಂದ್ಸಲ ಮಾಡಿದ್ದು ಸಾಕು" ಎಂದಳು.

ಮಾರನೆಯ ವರ್ಷದ ಬೇಸಿಗೆ ಕಳೆಯುವುದರೊಳಗೆ ಅಕ್ಕ ಹೋದಳು. ಮಲಗಿದಲ್ಲಿಯೇ ಹೋದಳು. ಕೊನೆಯಲ್ಲಿ ಅವಳ ಕೈ ನಿಶ್ಚಲವಾಗಿತ್ತು. ಗೌರಿ ಅದನ್ನು ಹಿಡಿದುಕೊಂಡು, "ನೋಡಿ, ನಿಂತ್ಹೋಗಿದೆ ನಡುಕ" ಎಂದು ಅತ್ತಳು.

ತಿಥಿಗೆ ಮುಂಚೆ ನಾನೊಬ್ಬನೇ ಅಂಗಡಿ ಬಾಗಿಲು ತೆಗೆದು ಕೂತೆ. ಫೋಟೋವನ್ನು ಕಂಪ್ಯೂಟರಿಗೆ ಹಾಕಿದೆ. ತೆರೆಯ ಮೇಲೆ ಅಕ್ಕ ನಗುತ್ತಿದ್ದಳು, ನಾನು ಅಳುಮೂತಿಯಲ್ಲಿದ್ದೆ. ಹಲಸಿನ ಬೀಜವನ್ನು ಎಳೆದು ಅವಳ ಮುಖದ ಮೇಲೆ ತಂದೆ. ಸ್ವಲ್ಪ ಆಚೆ ಸರಿಸಿದೆ, ನನ್ನ ಮುಖ ಮರೆಯಾಯಿತು. ಇನ್ನೂ ಸರಿಸಿದೆ, ನನ್ನ ಹೆಗಲು ಹೋಯಿತು, ತೋಳು ಹೋಯಿತು. ಉಳಿದದ್ದು ಆ ಮುಷ್ಟಿ. ಅದನ್ನೂ ಹೊರಗೆ ಹಾಕಲು ಜಾಗವಿತ್ತು. ಒಂದು ಸಲ ಗುಂಡಿ ಒತ್ತಿದ್ದರೆ ಮುಗಿಯುತ್ತಿತ್ತು, ಅವಳು ಹೇಳಿದ್ದೂ ಅದೇ. ಅವತ್ತೂ ಇಳಿಯುವುದಿಲ್ಲ ಎಂದು ಹಟ ಮಾಡಿದವನು ನಾನು. ಇವತ್ತೂ ಆಗಲಿಲ್ಲ.

ಮುಷ್ಟಿಯನ್ನು ಒಳಗೇ ಬಿಟ್ಟು ಗುಂಡಿ ಒತ್ತಿದೆ. ಮಿಷನ್ನು ಗುಂಯ್ ಎಂದು ಸುತ್ತು ಬಂದು ನಿಂತಿತು. ಕರೆಯುವವರು ಯಾರೂ ಇರಲಿಲ್ಲ. ತಿರುಳನ್ನು ಎತ್ತುತ್ತಾ, "ಈಚ್ಗೆ ಬಾ ಅಕ್ಕ" ಎಂದು ನಾನೇ ಕರೆದೆ. ಆಮೇಲೆ ಮಿಷನ್ನಿನ ಮೇಲೆ ತಲೆಯಿಟ್ಟು ಅತ್ತೆ.

ಆ ತಿರುಳಿಗೆ ಕಚ್ಚು ಇಲ್ಲ. ಮಜ್ಜಿಗೆ ಪಾತ್ರೆಯ ಮೇಲೆ ಈಗ ಇರುವುದು ಅದು. ಮುಚ್ಚುವಾಗ ಬೆರಳು ತಾನಾಗಿ ಅಂಚಿನಲ್ಲಿ ಕಚ್ಚು ಹುಡುಕುತ್ತದೆ, ಸಿಗುವುದಿಲ್ಲ.

ಮೊನ್ನೆ ಮಾದೇಶ ಬಂದಿದ್ದ. ಮದುವೆಯಾಗಿದೆ, ಗಂಡ ಹೆಂಡತಿಯ ಫೋಟೋಗೆ ಕಟ್ಟು ಹಾಕಿಸಲು ತಂದಿದ್ದ. "ಚೌಕ್ವೇ ಆಕಿ ಸಾ, ಮರ್ತ್ಗಿರ್ತ್ಬುಟ್ಟೀರಿ!" ಎಂದು ನಕ್ಕ. ನಾನೂ ನಕ್ಕೆ. ತಲೆ ಎತ್ತಿದವನು ಗೋಡೆಯ ಮೇಲೆ ಅಕ್ಕನನ್ನು ನೋಡಿ ಕೈ ಮುಗಿದ. ಹತ್ತಿರ ಹೋಗಿ ನಿಂತು ನೋಡಿದ.

"ಯಾರ್ದು ಸಾ ಅದು, ಸೆರ್ಗಿಡ್ಕಂಡಿರೋ ಕೈ?"

"ನಂದೇ ಕಣಪ್ಪ" ಅಂದೆ.

ಬದುಕಿರುವವರು ಒಳಗೆ ಇರಬಾರದು ಎಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು? ಏನಾದರೂ ಅನ್ನುತ್ತಾನೆ ಎಂದುಕೊಂಡೆ. ಅವನು ಗಾಜಿನ ಮೇಲೆ ಆ ಮುಷ್ಟಿಯಿದ್ದ ಕಡೆ ಬೆರಳಿಟ್ಟು, ಮೆಲ್ಲಗೆ ಕೇಳಿದ:

"ಇಂದ್ಗಡೆ ಇಬ್ರೂ ಜೊತೇಲೇ ಇದ್ದೀರಾ ಸಾ?"

"ಇದ್ದೀವಿ ಕಣಪ್ಪ" ಅಂದೆ. "ಇನ್ನೂ ಸೊಂಟದ ಮೇಲೇ ಇದ್ದೀನಿ."